ತಬ್ಬಲಿ ಆನೆಮರಿಯನ್ನು ಉಳಿಸಿ ಕಾಡಿಗೆ ಮರಳಿಸುವ ಬಗೆ: ಕೆನ್ಯಾದ ಅನುಭವದಿಂದ ಒಂದು ಕೈಪಿಡಿ

ಕೆನ್ಯಾದ ತ್ಸಾವೋ ಬಯಲಿನಲ್ಲಿ ಸಫಾರಿಗೆ ಹೋದಾಗ, ಸುತ್ತಮುತ್ತ ದೊಡ್ಡಾನೆಯ ಸುಳಿವಿಲ್ಲದೆ ಒಂದು ಮರಿ ಒಂಟಿಯಾಗಿ ನಿಂತಿರುವುದು ಕಂಡರೆ, ಮೊದಲು ಜೀಪನ್ನು ದೂರದಲ್ಲೇ ನಿಲ್ಲಿಸಿ ಎಂಜಿನ್ ಆರಿಸಬೇಕು. ಇಳಿದು ಹತ್ತಿರ ಹೋಗಬಾರದು. ನೀರು, ಹಾಲು, ಹಣ್ಣು ಯಾವುದನ್ನೂ ಕೊಡಬಾರದು. ಮರುಕದಿಂದ ಸುತ್ತುವರಿದು ನಿಂತ ಜನರ ಭಯದಿಂದಲೇ ತಾಯಿ ಪೊದೆಯ ಮರೆಯಿಂದ ಹೊರಬರದೆ ಉಳಿದಿರಬಹುದು. ನಿದ್ದೆಹೋದ ಮರಿಯನ್ನು ಕಾಯುತ್ತಾ ಹಿಂಡು ಸ್ವಲ್ಪ ದೂರದಲ್ಲಿ ಮೇಯುತ್ತಿರುವುದೂ ಉಂಟು. ಆದ್ದರಿಂದ ರಕ್ಷಣೆಯ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಈ ಮರಿ ನಿಜವಾಗಿಯೂ ತಬ್ಬಲಿಯೇ ಎಂಬ ಪ್ರಶ್ನೆಯನ್ನು. ತಾಯಿ ಇರುವ ಮರಿಯನ್ನು ಹೊತ್ತು ತಂದರೆ ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದ್ದರೂ ಅದು ಅಪಹರಣವೇ ಆಗುತ್ತದೆ.

ತಬ್ಬಲಿಯೆಂದು ತಿಳಿಯಲು ಕೆಲವು ಗುರುತುಗಳಿವೆ. ಕೆನ್ನೆಯ ಮೂಳೆಗಳು ಎದ್ದು ಕಾಣುವಷ್ಟು ಮುಖ ಸೊರಗಿರುವುದು, ತಾಯಿಯ ನೆರಳು ಸಿಗದೆ ಕಿವಿಯ ಅಂಚು ಬಿಸಿಲಿಗೆ ಸುಟ್ಟಿರುವುದು, ದನದ ಮಂದೆಯನ್ನೋ ವಾಹನವನ್ನೋ ಹಿಂಬಾಲಿಸುವುದು, ಹತ್ತಿರದಲ್ಲೇ ಸತ್ತ ಹೆಣ್ಣಾನೆ ಬಿದ್ದಿರುವುದು ಇವುಗಳಲ್ಲಿ ಮುಖ್ಯವಾದವು. ವಯಸ್ಸನ್ನು ದೂರದಿಂದಲೇ ಅಂದಾಜು ಮಾಡಬಹುದು. ಕಿವಿಯ ಹಿಂಬದಿ ಇನ್ನೂ ನಸುಗೆಂಪಾಗಿದ್ದು ಹೊಕ್ಕುಳಬಳ್ಳಿ ಒಣಗದಿದ್ದರೆ ಅದು ಕೆಲವೇ ದಿನಗಳ ಮರಿ. ದೊಡ್ಡ ಹೆಣ್ಣಾನೆಯ ಹೊಟ್ಟೆಯಡಿ ತೂರಿ ಹೋಗುವಷ್ಟು ಎತ್ತರವಿದ್ದರೆ ಸಾಮಾನ್ಯವಾಗಿ ಒಂದು ವರ್ಷದೊಳಗಿನದು. ಎರಡು ವರ್ಷದೊಳಗಿನ ಮರಿ ಹಾಲಿಲ್ಲದೆ ಬದುಕುವುದು ತೀರಾ ಅಪರೂಪವಾದ್ದರಿಂದ, ವಯಸ್ಸು ತಿಳಿದರೆ ಎಷ್ಟು ಬೇಗ ಕೈಹಾಕಬೇಕೆಂಬುದೂ ತಿಳಿಯುತ್ತದೆ.

ಪ್ರವಾಸಿಯ ಕೆಲಸ ಇಷ್ಟೇ: ಸ್ಥಳ, ಸಮಯ, ಮರಿ ಸಾಗುತ್ತಿದ್ದ ದಿಕ್ಕು ಇವನ್ನು ಬರೆದುಕೊಂಡು, ದೂರದಿಂದ ಒಂದೆರಡು ಫೋಟೋ ತೆಗೆದು, ತನ್ನ ಚಾಲಕನ ಮೂಲಕ ಕೆನ್ಯಾ ವೈಲ್ಡ್‌ಲೈಫ್ ಸರ್ವಿಸ್‌ನ ರೇಂಜರ್‌ಗಳಿಗೆ ತಿಳಿಸುವುದು. ಆ ದೇಶದಲ್ಲಿ ವನ್ಯಜೀವಿಗಳ ಹೊಣೆ ಈ ಸರಕಾರಿ ಸಂಸ್ಥೆಯದು. ಅದರ ಒಪ್ಪಿಗೆಯಿಲ್ಲದೆ ಯಾರೂ ಮರಿಯನ್ನು ಮುಟ್ಟುವಂತಿಲ್ಲ. ಚಿತ್ರವನ್ನು ಆ ಕ್ಷಣವೇ ಸ್ಥಳದ ಗುರುತಿನೊಂದಿಗೆ ಜಾಲತಾಣದಲ್ಲಿ ಹಾಕಬಾರದು. ಆನೆಗಳು ಎಲ್ಲಿವೆಯೆಂಬ ಮಾಹಿತಿ ಬೇಟೆಗಾರರಿಗೂ ಬೇಕಾದದ್ದೇ.

ಮರಿಗಳು ತಬ್ಬಲಿಯಾಗುವ ಕಾರಣಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. 1970ರ ದಶಕದ ಆರಂಭದಲ್ಲಿ ಕೆನ್ಯಾದಲ್ಲಿ ಸುಮಾರು 1,67,000 ಆನೆಗಳಿದ್ದವೆಂಬ ಅಂದಾಜಿದೆ. ದಂತಕ್ಕಾಗಿ ನಡೆದ ಕೊಲೆಯಿಂದ 1989ರ ಹೊತ್ತಿಗೆ ಅವು ಸುಮಾರು 16,000ಕ್ಕೆ ಇಳಿದಿದ್ದವು. ಆ ವರ್ಷ ಅಂತರರಾಷ್ಟ್ರೀಯ ದಂತ ವ್ಯಾಪಾರಕ್ಕೆ ನಿಷೇಧ ಬಂದ ಮೇಲೆ ನಿಧಾನವಾಗಿ ಚೇತರಿಸಿಕೊಂಡು, 2021ರ ಗಣತಿಯಲ್ಲಿ 36,280 ಆನೆಗಳು ಕಂಡುಬಂದವು. ಈಗ ಬೇಟೆಯ ಜೊತೆಗೆ ಬರ, ಹೊಲಕ್ಕೆ ನುಗ್ಗಿದಾಗ ಆಗುವ ಸಂಘರ್ಷ, ಉರುಳು, ಬಾವಿ ಇವೂ ಸೇರಿಕೊಂಡಿವೆ. 2022ರ ಭೀಕರ ಬರದಲ್ಲಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ 205 ಆನೆಗಳು ಸತ್ತವೆಂದು ಅಲ್ಲಿನ ಸರಕಾರವೇ ಹೇಳಿತು. ಬರದಲ್ಲಿ ತಾಯಿಗೆ ಮೇವಿಲ್ಲದಿದ್ದರೆ ಮೊದಲು ಬತ್ತುವುದು ಹಾಲು.

ಬಾವಿಗೆ ಬಿದ್ದ ಮರಿಯ ವಿಷಯದಲ್ಲಿ ಅವಸರಪಡಬಾರದು. ಉತ್ತರ ಕೆನ್ಯಾದ ಸಂಬೂರು ಜನ ಬತ್ತಿದ ಹೊಳೆಯ ಮರಳಿನಲ್ಲಿ ದನಕರುಗಳಿಗಾಗಿ ಆಳವಾದ ಬಾವಿ ತೋಡುತ್ತಾರೆ. ನೀರಿನ ವಾಸನೆ ಹಿಡಿದು ಬಂದ ಹಿಂಡಿನ ಮರಿ ಕಾಲುಜಾರಿ ಒಳಗೆ ಬೀಳುತ್ತದೆ. ಇಂಥಲ್ಲಿ ತಾಯಿಯನ್ನು ವಾಹನದಿಂದ ಸ್ವಲ್ಪ ದೂರ ಸರಿಸಿ, ಮರಿಯ ಮುಂಗಾಲುಗಳ ಹಿಂದೆ ಎದೆಯನ್ನು ಸುತ್ತಿ ಬರುವಂತೆ ಅಗಲವಾದ ಪಟ್ಟಿಯನ್ನು ಹಾಕಿ ಮೇಲೆಳೆಯಬೇಕು. ಕುತ್ತಿಗೆಗೆ, ಸೊಂಡಿಲಿಗೆ ಹಗ್ಗ ಹಾಕಲೇಬಾರದು. ಮೇಲೆ ಬಂದ ಕೂಡಲೇ ಜನ ಚದುರಿ, ಮರಿಯ ಕೂಗು ತಾಯಿಗೆ ಕೇಳುವಂತೆ ಬಿಡಬೇಕು. ಹೀಗೆ ತಾಯಿ ಮಕ್ಕಳು ಸೇರಿದರೆ ಅದಕ್ಕಿಂತ ದೊಡ್ಡ ಯಶಸ್ಸಿಲ್ಲ. ಹಿಂಡು ಬಹಳ ದೂರ ಹೋಗಿಬಿಟ್ಟು, ಕಾದರೂ ಮರಳದಿದ್ದಾಗ ಮಾತ್ರ ಮರಿಯನ್ನು ಸಾಕುನೆಲೆಗೆ ತರಬೇಕು.

ತರುವ ಕೆಲಸ ಪಶುವೈದ್ಯರದು ಮತ್ತು ಪಳಗಿದ ಪಾಲಕರದು. ಹುಟ್ಟುವಾಗಲೇ ನೂರು ಕಿಲೋ ತೂಗುವ ಮರಿಯನ್ನು ಕೆಲವರು ಸೇರಿ ಹಿಡಿದು, ದಪ್ಪ ಹಾಸಿನ ಮೇಲೆ ಮಲಗಿಸಿ, ಕಾಲುಗಳನ್ನು ಮೆತ್ತನೆಯ ಬಟ್ಟೆಯಿಂದ ಕಟ್ಟಿ, ಅಗತ್ಯವಿದ್ದರೆ ಕಿವಿಯ ನರಕ್ಕೆ ಡ್ರಿಪ್ ಹಾಕಿ, ಸಣ್ಣ ವಿಮಾನದಲ್ಲಿ ನೈರೋಬಿಯ ಸಾಕುನೆಲೆಗೆ ಒಯ್ಯುತ್ತಾರೆ. ದಾರಿಯುದ್ದಕ್ಕೂ ಒಬ್ಬರ ಕೈ ಮರಿಯ ಮೈಮೇಲೆ ಇರಬೇಕು. ತಾಯಿಯ ಸಾವನ್ನು ಕಣ್ಣಾರೆ ಕಂಡ ಮರಿಗೆ ಮೊದಲ ದಿನ ಮನುಷ್ಯನ ಮೇಲೆ ಸಿಟ್ಟು, ಹೆದರಿಕೆ ಎರಡೂ ಇರುತ್ತವೆ. ತಲೆಯಿಂದ ಗುದ್ದಿದರೂ ಪಾಲಕರು ದನಿ ಏರಿಸುವುದಿಲ್ಲ.

ಹಾಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಹಸುವಿನ ಹಾಲಿನ ಕೊಬ್ಬು ಆನೆಮರಿಗೆ ಒಗ್ಗುವುದಿಲ್ಲ. ಕುಡಿಸಿದರೆ ಭೇದಿಯಾಗಿ, ಮೈಯ ನೀರು ಬತ್ತಿ, ಮರಿ ಕೈತಪ್ಪುತ್ತದೆ. ತ್ಸಾವೋ ಈಸ್ಟ್ ರಾಷ್ಟ್ರೀಯ ಉದ್ಯಾನದ ಮೊದಲ ವಾರ್ಡನ್ ಡೇವಿಡ್ ಶೆಲ್ಡ್ರಿಕ್ ಅವರ ಪತ್ನಿ ಡ್ಯಾಫ್ನಿ ಶೆಲ್ಡ್ರಿಕ್ ದಶಕಗಳ ಕಾಲ ಒಂದಾದ ಮೇಲೊಂದು ಮಿಶ್ರಣವನ್ನು ಪ್ರಯೋಗಿಸಿ, ಎಷ್ಟೋ ಮರಿಗಳನ್ನು ಕಳೆದುಕೊಂಡ ಮೇಲೆ, ಮಾನವ ಶಿಶುಗಳ ಹಾಲಿನ ಪುಡಿಯ ಜೊತೆ ಒಂದು ಬೇರೆ ಕೊಬ್ಬು ಹೊಂದುತ್ತದೆಂದು ಕಂಡುಕೊಂಡರು. ಅದು ನಮ್ಮ ಅಡುಗೆಮನೆಯ ತೆಂಗಿನೆಣ್ಣೆಯೇ. ಸಂಬೂರು ಜನರೇ ನಡೆಸುವ, 2016ರಲ್ಲಿ ಆರಂಭವಾದ ರೆಟೆಟಿ ಆನೆಧಾಮದಲ್ಲಿ ಈಗ ಸುತ್ತಲಿನ ಹೆಂಗಸರು ತಂದುಕೊಡುವ ಮೇಕೆಯ ಹಾಲನ್ನು ಬಳಸುತ್ತಾರೆ; ಇದರಿಂದ ಮರಿಗೂ ಹಾಲು ಸಿಗುತ್ತದೆ, ಆ ಮನೆಗಳಿಗೂ ಆದಾಯ ಬರುತ್ತದೆ. ಯಾವ ಮಿಶ್ರಣವಾದರೂ ಅಳತೆಯನ್ನು ಪಶುವೈದ್ಯರೇ ಮರಿಯ ವಯಸ್ಸು ಮತ್ತು ಲದ್ದಿಯನ್ನು ನೋಡಿ ನಿರ್ಧರಿಸಬೇಕಾದ್ದರಿಂದ, ಇಲ್ಲಿ ಪ್ರಮಾಣ ಬರೆಯುವುದು ಸರಿಯಲ್ಲ. ಎಳೆಯ ಮರಿಗೆ ಹಗಲೂ ರಾತ್ರಿಯೂ ಮೂರು ಗಂಟೆಗೊಮ್ಮೆ ಬಾಟಲಿ ಹಿಡಿಯಬೇಕೆಂಬುದನ್ನು ಮಾತ್ರ ಹೇಳಬಹುದು.

ಬಾಟಲಿ ಹಿಡಿದ ಮಾತ್ರಕ್ಕೆ ಮರಿ ಕುಡಿಯುವುದಿಲ್ಲ. ತಾಯಿಯ ಕೆಚ್ಚಲು ಮುಂಗಾಲುಗಳ ನಡುವೆ ಇರುತ್ತದೆ. ಮರಿ ಸೊಂಡಿಲನ್ನು ತಾಯಿಯ ಮೈಗೆ ಒರಗಿಸಿ, ಬಾಯಿಂದ ಹಾಲು ಹೀರುತ್ತದೆ. ಒರಗಲು ಮೈಯಿಲ್ಲದಿದ್ದರೆ ಸೊಂಡಿಲು ಎಲ್ಲಿ ಇಡಬೇಕೆಂದು ತಿಳಿಯದೆ ಅದು ತಡಕಾಡುತ್ತದೆ. ಅದಕ್ಕೆಂದು ಪಾಲಕರು ಎರಡು ಮರಗಳ ನಡುವೆ ದಪ್ಪ ಕಂಬಳಿಯೊಂದನ್ನು ಇಳಿಬಿಟ್ಟು, ಅದರ ಹಿಂದಿನಿಂದ ಬಾಟಲಿಯನ್ನು ಚಾಚುತ್ತಾರೆ. ನೈರೋಬಿಯಲ್ಲಿ ನಾನು ಹಗ್ಗದ ಬೇಲಿಯ ಈಚೆ ನಿಂತು ಇದನ್ನು ನೋಡಿದ್ದೇನೆ. ಮರಿ ಬಂದು ಕಂಬಳಿಯ ಮೇಲೆ ಸೊಂಡಿಲನ್ನು ಒತ್ತಿತು; ಸೊಂಡಿಲ ತುದಿ ಉಣ್ಣೆಯ ಮೇಲೆ ಮೆಲ್ಲಗೆ ಆಡುತ್ತಾ ಏನನ್ನೋ ಹುಡುಕಿ, ಒಂದು ಕಡೆ ನಿಂತಿತು; ಕಣ್ಣು ಅರ್ಧ ಮುಚ್ಚಿತು; ಬಾಯಿಯ ಅಂಚಿನಿಂದ ಹಾಲಿನ ನೊರೆ ಕೆಂಪು ಮಣ್ಣಿಗೆ ತೊಟ್ಟಿಕ್ಕಿತು. ಹಸಿರು ಕೋಟಿನ ಪಾಲಕ ಬಾಟಲಿ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕೈಯನ್ನು ಹಿಂದೆಳೆದುಕೊಳ್ಳಲಿಲ್ಲ.

ಹಾಲಿನಷ್ಟೇ ಮುಖ್ಯವಾದದ್ದು ಜೊತೆ. ಇದನ್ನು ಡ್ಯಾಫ್ನಿಯವರು ತೀರಾ ನೋವಿನಿಂದ ಕಲಿತರು. ಅವರು ತಾವೊಬ್ಬರೇ ಹಗಲಿರುಳು ಬೆಳೆಸಿದ ಐಷಾ ಎಂಬ ಮರಿ, 1974ರಲ್ಲಿ ಅವರು ಮಗಳ ಮದುವೆಗೆಂದು ಕೆಲವು ದಿನ ಮನೆಬಿಟ್ಟು ಹೋದಾಗ, ಹಾಲು ಬಿಟ್ಟು ಕೊರಗಿ ಸತ್ತುಹೋಯಿತು. ಕಾಡಿನಲ್ಲಿ ಮರಿಗೆ ತಾಯಿ ಮಾತ್ರವಲ್ಲ, ಅಜ್ಜಿ, ಚಿಕ್ಕಮ್ಮ, ಅಕ್ಕಂದಿರ ಒಂದು ತುಂಬಿದ ಮನೆಯೇ ಇರುತ್ತದೆ. ಆದುದರಿಂದ ಪ್ರೀತಿ ಒಬ್ಬರ ಮೇಲೆ ಬೇರೂರದೆ ಹಲವರಲ್ಲಿ ಹಂಚಿಹೋಗುವಂತೆ ಮಾಡಬೇಕು. ಪಾಲಕರು ರಾತ್ರಿ ಮರಿಯ ಕೊಟ್ಟಿಗೆಯಲ್ಲೇ ಮಲಗುತ್ತಾರೆ, ಆದರೆ ಸರದಿ ಬದಲಿಸುತ್ತಾ ಮಲಗುತ್ತಾರೆ. ತಣ್ಣನೆಯ ಮುಂಜಾವಿನಲ್ಲಿ ನ್ಯುಮೋನಿಯಾ ತಗಲದಂತೆ ಬೆನ್ನಿಗೆ ಕಂಬಳಿ ಕಟ್ಟುವುದು, ಎಳೆಯ ಕಿವಿಗಳಿಗೆ ಬಿಸಿಲು ಸೋಕದಂತೆ ಕೊಡೆ ಹಿಡಿಯುವುದು, ಮಧ್ಯಾಹ್ನ ಕೆಸರಿನಲ್ಲಿ ಹೊರಳಲು ಬಿಡುವುದು ದಿನಚರಿಯ ಭಾಗ. ದೊಡ್ಡಾನೆಯ ಹಸಿ ಲದ್ದಿಯನ್ನು ಮರಿ ತಿಂದರೆ ತಡೆಯಬಾರದು. ಸೊಪ್ಪು ಹುಲ್ಲು ಜೀರ್ಣವಾಗಲು ಬೇಕಾದ ಸೂಕ್ಷ್ಮಜೀವಿಗಳು ಅದಕ್ಕೆ ಸಿಗುವುದು ಹೀಗೆಯೇ.

ದುಬಾರೆ, ಸಕ್ರೆಬೈಲು ಬಿಡಾರಗಳನ್ನು ಕಂಡ ನಮಗೆ ಆನೆ ಎಂದರೆ ಮಾವುತ, ಕಾವಾಡಿ, ಅಂಕುಶ ನೆನಪಾಗುತ್ತವೆ. ಮರಿ ಬೆಳೆದು ಶಿಬಿರದ ಆನೆಯಾಗುವುದು ನಮಗೆ ಸಹಜವೆನಿಸುತ್ತದೆ. ಕೆನ್ಯಾದವರ ಗುರಿ ಇದಕ್ಕೆ ತೀರಾ ಬೇರೆ. ಅಲ್ಲಿ ಮರಿಗೆ ಯಾವ ಆಜ್ಞೆಯನ್ನೂ ಕಲಿಸುವುದಿಲ್ಲ, ಬೆನ್ನೇರುವುದಿಲ್ಲ, ಸರಪಳಿ ತೊಡಿಸುವುದಿಲ್ಲ. ಡೇವಿಡ್ ತೀರಿಕೊಂಡ 1977ರಲ್ಲಿ ಅವರ ನೆನಪಿಗೆ ಸ್ಥಾಪನೆಯಾದ, ಇಂದು ಶೆಲ್ಡ್ರಿಕ್ ವೈಲ್ಡ್‌ಲೈಫ್ ಟ್ರಸ್ಟ್ ಎಂದು ಹೆಸರಾದ ಸಂಸ್ಥೆ ಈವರೆಗೆ 250ಕ್ಕೂ ಹೆಚ್ಚು ತಬ್ಬಲಿಗಳನ್ನು ಬೆಳೆಸಿದೆ. ಮರಿಗಳನ್ನು ನೈರೋಬಿಯಿಂದ ತ್ಸಾವೋದ ವೋಯಿ, ಇಥುಂಬಾ ಅಥವಾ ಕಿಬ್ವೇಜಿ ಕಾಡಿನ ಉಮಾನಿ ಸ್ಪ್ರಿಂಗ್ಸ್‌ನಲ್ಲಿರುವ, ಕಾಡಿನ ಬದುಕಿಗೆ ಒಗ್ಗಿಸುವ ನೆಲೆಗಳಿಗೆ ಸಾಗಿಸಬೇಕಾದಾಗ, ಲಾರಿಯ ಹೆದರಿಕೆ ಹೋಗಲೆಂದು ಹಲವು ದಿನ ಮೊದಲಿಂದಲೇ ಲಾರಿಯೊಳಗೇ ಹಾಲು ಕುಡಿಸಿ ರೂಢಿ ಮಾಡುತ್ತಾರೆ. ಅಲ್ಲಿ ಹಗಲು ಕಾಡಿನಲ್ಲಿ ಮೇದು, ಸಂಜೆ ಬೇಲಿಯೊಳಗೆ ಬಂದು ಮಲಗುವ ಬದುಕು ವರ್ಷಗಟ್ಟಲೆ ನಡೆಯುತ್ತದೆ. ಯಾವಾಗ ಹೋಗಬೇಕೆಂಬುದನ್ನು ಆನೆಯೇ ನಿರ್ಧರಿಸುತ್ತದೆ. ಪಾಲಕ ಅದನ್ನು ಅಟ್ಟಲೂ ಬಾರದು, ತಡೆಯಲೂ ಬಾರದು. ಕಾಡು ಸೇರಿದ ಎಷ್ಟೋ ಹೆಣ್ಣಾನೆಗಳು ಮುಂದೆ ತಮ್ಮ ಮರಿಗಳನ್ನು ಕರೆದುಕೊಂಡು ಪಾಲಕರ ಬಳಿಗೆ ಬಂದು ಹೋಗಿವೆ.

ಆದರೆ ಮರಳಿಹೋಗಲು ಕಾಡು ಇರಬೇಕಲ್ಲವೆ? ಆದ್ದರಿಂದ ಮರಿ ಸಾಕುವ ಕೆಲಸಕ್ಕೂ ನೆಲ ಕಾಯುವ ಕೆಲಸಕ್ಕೂ ಒಂದೇ ಲೆಕ್ಕದ ಪುಸ್ತಕ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಜಿಂಕೆಯ ಮಾಂಸಕ್ಕಾಗಿ ಒಡ್ಡಿದ ತಂತಿಯ ಉರುಳು ಆನೆಮರಿಯ ಕಾಲನ್ನೂ ಸೊಂಡಿಲನ್ನೂ ಕೊಯ್ಯುತ್ತದೆ; ಅದನ್ನು ತೆಗೆಯಲು ಪೊದೆ ಪೊದೆ ಹುಡುಕುತ್ತಾ ಕಾಲ್ನಡಿಗೆಯಲ್ಲಿ ತಿರುಗುವ ತಂಡಗಳು ಬೇಕು. ಹೊಲದ ಸಂಘರ್ಷಕ್ಕೆ ತ್ಸಾವೋ ಅಂಚಿನ ಸಗಲ್ಲಾ ಹಳ್ಳಿಗಳಲ್ಲಿ ಜೇನುಬೇಲಿಯನ್ನು ಬಳಸಿ ನೋಡಿದ್ದಾರೆ. ಹೊಲದ ಸುತ್ತ ಸುಮಾರು ಹತ್ತು ಮೀಟರಿಗೊಂದರಂತೆ ಜೇನುಪೆಟ್ಟಿಗೆ ತೂಗುಹಾಕಿ, ಒಂದರಿಂದೊಂದಕ್ಕೆ ತಂತಿ ಬಿಗಿಯುತ್ತಾರೆ. ಆನೆ ತಂತಿಗೆ ತಾಕಿದರೆ ಪೆಟ್ಟಿಗೆಗಳು ಅಲುಗಾಡಿ ಜೇನು ಏಳುತ್ತವೆ. ಕಣ್ಣಿನ ಸುತ್ತ, ಸೊಂಡಿಲ ಒಳಗೆ ಕುಟುಕುವ ಜೇನಿಗೆ ಆನೆ ಹೆದರುತ್ತದೆ. ರೈತನಿಗೆ ಬೆಳೆಯೂ ಉಳಿಯುತ್ತದೆ, ಜೇನುತುಪ್ಪವೂ ಸಿಗುತ್ತದೆ. ಆನೆಯ ಮೇಲೆ ವಿಷಬಾಣ ಎತ್ತುವ ಕೈಯನ್ನು ತಡೆಯಲು ಬೋಧನೆಗಿಂತ ಇದು ಹೆಚ್ಚು ನೆರವಾಗುತ್ತದೆ.

ಕರ್ನಾಟಕದಲ್ಲಿ ಕುಳಿತು ನೆರವಾಗಬಯಸುವವರು ಹಣ ಕಳಿಸುವ ಮುನ್ನ ಮೂರು ವಿಷಯ ವಿಚಾರಿಸಬೇಕು: ಸಂಸ್ಥೆಯು ಮರಿಗಳನ್ನು ನಿಜವಾಗಿ ಕಾಡಿಗೆ ಬಿಡುತ್ತದೆಯೇ, ಪ್ರವಾಸಿಗರಿಗೆ ಮುಟ್ಟಲು, ಸವಾರಿ ಮಾಡಲು ಅವಕಾಶ ಕೊಡುತ್ತದೆಯೇ, ದಿನದಿನದ ಲೆಕ್ಕ ಮತ್ತು ದಿನಚರಿಯನ್ನು ಪ್ರಕಟಿಸುತ್ತದೆಯೇ. ಸವಾರಿ ಮಾಡಿಸುವಲ್ಲಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಒಂದು ಮರಿಯ ಹೆಸರಿನಲ್ಲಿ ದತ್ತು ವಂತಿಗೆ ಕೊಡುವುದು ಒಳ್ಳೆಯದೇ, ಆದರೆ ನೀರಿನ ತೊಟ್ಟಿ, ಉರುಳು ತೆಗೆಯುವ ತಂಡ, ಪಶುವೈದ್ಯರ ವಾಹನ ಇವುಗಳಿಗೆ ಕೊಡುವವರು ಕಡಿಮೆ. ಸಾಧ್ಯವಿದ್ದರೆ ಅತ್ತ ಕೊಡಿ.

ಇನ್ನೊಂದು ಕೆಲಸ ನಮ್ಮ ಮನೆಯೊಳಗಿನದು. ಮೈಸೂರಿನ ಬೀಟೆಮರದ ಕುಸುರಿ ಕೆತ್ತನೆಯಲ್ಲಿ ಹಿಂದೆ ಆನೆದಂತವನ್ನು ಕೂರಿಸುತ್ತಿದ್ದರು. ಈಗಿನ ಕುಶಲಕರ್ಮಿಗಳು ಆ ಬಿಳುಪಿಗೆ ಪ್ಲಾಸ್ಟಿಕ್ ಬಳಸುತ್ತಾರೆ. ಭಾರತದ ಆನೆದಂತದ ವ್ಯಾಪಾರ 1986ರ ತಿದ್ದುಪಡಿಯಿಂದ, ಆಫ್ರಿಕದಿಂದ ಬಂದ ದಂತದ ವ್ಯಾಪಾರ 1991ರ ತಿದ್ದುಪಡಿಯಿಂದ ನಿಂತಿದೆ. ಹೊಸದಾಗಿ ಕೊಳ್ಳುವಾಗ ‘ಹಳೆಯ ದಂತ’ ಎಂದು ಯಾರಾದರೂ ಹೊಗಳಿ ತೋರಿಸಿದರೆ ಕೊಳ್ಳಬೇಡಿ. ಅಜ್ಜನ ಕಾಲದ ಪೆಟ್ಟಿಗೆಯೋ ಮಣೆಯೋ ಮನೆಯಲ್ಲಿದ್ದರೆ ಅದನ್ನು ಮಾರಲು ಹೋಗದೆ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಅದನ್ನು ಇಟ್ಟುಕೊಳ್ಳುವ ನಿಯಮವೇನೆಂದು ವಿಚಾರಿಸಿ.