ಬಾಲ್ಸಾ ಬೈಪ್ಲೇನ್ ಕಟ್ಟುವವರಿಗೆ: ಬಾಲದ ತೂಕ, ರೆಕ್ಕೆಯ ಅಳತೆ

ಟೈಗರ್ ಮಾತ್ (ಒಂದರ ಮೇಲೊಂದು ಎರಡು ರೆಕ್ಕೆ ಇರುವ ಹಳೇ ಬೈಪ್ಲೇನ್ ವಿಮಾನ) ಥರದ ಮಾಡೆಲ್ ಕಟ್ಟುವವರು ಬಾಲ್ಸಾ ಎಂಬ ಹಗುರ ಮರದ ಹಲಗೆಗಳನ್ನು ಮೊದಲೇ ತೂಕ ಹಾಕಿ ಬೇರೆ ಮಾಡಿಕೊಳ್ಳಿ. ನೋಡೋಕೆ ಒಂದೇ ಥರ ಇದ್ದರೂ ಒಂದು ಹಲಗೆ ಇನ್ನೊಂದರ ಎರಡು ಪಟ್ಟು ಭಾರ ಇರಬಹುದು. ಗಟ್ಟಿಯಾದದ್ದು ರೆಕ್ಕೆಯ ಉದ್ದಕ್ಕೂ ಹೋಗಿ ಭಾರ ಹೊರುವ ಪಟ್ಟಿಯಾದ ಸ್ಪಾರ್‌ಗೆ, ಹಗುರವಾದದ್ದು ಬಾಲಕ್ಕೆ. ಇಂಥ ವಿಮಾನಗಳ ಮೂಗು ಗಿಡ್ಡ. ಹಿಂದೆ 10 ಗ್ರಾಂ ಜಾಸ್ತಿಯಾದರೆ ಸಮತೋಲಕ್ಕೆ ಮುಂದೆ 30 ಗ್ರಾಂ ಸೀಸ ಸೇರಿಸಬೇಕಾಗಬಹುದು. ಸುಮ್ನೆ ಯಾಕೆ ಆ ಭಾರ, ಅಲ್ವಾ?

ಇನ್ನು ರೆಕ್ಕೆ ಕೂರಿಸುವುದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಮೇಲಿನ ರೆಕ್ಕೆ ಹೊರುವ ಕಂಬಿಗಳನ್ನು ಕಣ್ಣಳತೆಯಲ್ಲಿ ಅಂಟಿಸಬೇಡಿ. ದಪ್ಪ ರಟ್ಟಿನಲ್ಲಿ ಒಂದೇ ಅಳತೆಯ ಎರಡು ಅಚ್ಚು ಕತ್ತರಿಸಿ, ರೆಕ್ಕೆಗಳ ನಡುವೆ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿ. ಬಾಲದ ತುದಿಯ ನಡುವೆ ಗುಂಡುಪಿನ್ ಚುಚ್ಚಿ, ಹಿಗ್ಗದ ದಾರ ಕಟ್ಟಿ, ಒಂದು ರೆಕ್ಕೆತುದಿಗೆ ಎಳೆದು ಅದು ಮುಟ್ಟುವಲ್ಲಿ ದಾರದ ಮೇಲೆ ಗುರುತು ಹಾಕಿ, ಇನ್ನೊಂದು ತುದಿಗೂ ಎಳೆದು ನೋಡಿ. ದಾರದ ಗುರುತು ಎರಡೂ ಕಡೆ ಒಂದೇ ಜಾಗಕ್ಕೆ ಬಂದಮೇಲೆ ಅಂಟು ಹಾಕಿ. ಇಲ್ಲಿ ಗಟ್ಟಿಯಾಗೋಕೆ 30 ನಿಮಿಷ ಹಿಡಿಯುವ ಎಪಾಕ್ಸಿ ಅಂಟೇ ಬೇಕು. ಸೂಪರ್ ಗ್ಲೂ ಹಾಕಿದರೆ ಸರಿಪಡಿಸೋಕೆ ಟೈಮೇ ಸಿಗುವುದಿಲ್ಲ.

ಮಳೆಗಾಲದಲ್ಲಿ ರೆಕ್ಕೆಗಳನ್ನು ಗೋಡೆಗೆ ಒರಗಿಸಿ ಇಡಬೇಡಿ, ಸೊಟ್ಟಗಾಗುತ್ತವೆ. ಸಮತಟ್ಟಾದ ಹಲಗೆ ಮೇಲೆ ಮಲಗಿಸಿಡಿ.