ಚೀನದ ಪ್ರಾಂತೀಯ ಸಂಗೀತ ನಾಟಕಗಳನ್ನು ಕೇಳಿ ಗುರುತಿಸುವ ಬಗೆ

ಚೀನದ ಸಂಗೀತ ನಾಟಕ ಎಂದೊಡನೆ ಹೆಚ್ಚಿನವರ ಕಣ್ಣಮುಂದೆ ಬರುವುದು ಬಣ್ಣ ಬಳಿದ ಮುಖ, ಬೆನ್ನಿಗೆ ಕಟ್ಟಿದ ಬಾವುಟ, ಜಾಗಟೆಯ ಅಬ್ಬರ. ಆದರೆ ಅದು ಒಂದೇ ಕಲೆಯಲ್ಲ. 2017ರಲ್ಲಿ ಮುಗಿದ ಅಲ್ಲಿನ ಸರ್ಕಾರಿ ಸಮೀಕ್ಷೆ 348 ಪ್ರಕಾರಗಳನ್ನು ಲೆಕ್ಕಹಾಕಿತು. ಇವನ್ನು ವೇಷದಿಂದ ಗುರುತಿಸಲು ಹೊರಟರೆ ತಪ್ಪುವುದೇ ಹೆಚ್ಚು. ವೇಷಭೂಷಣ, ಕಥೆ, ಪಾತ್ರವರ್ಗಗಳೆಲ್ಲ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಸಲೀಸಾಗಿ ಸಾಗಿಹೋಗಿವೆ. ಹಾಗೆ ಸಾಗದೆ ತನ್ನ ಊರಿನಲ್ಲೇ ಉಳಿದದ್ದು ಆಡುನುಡಿ. ಚೀನೀ ನುಡಿಗಳಲ್ಲಿ ಒಂದೇ ಅಕ್ಷರವನ್ನು ಏರುದನಿಯಲ್ಲಿ ಹೇಳಿದರೆ ಒಂದು ಅರ್ಥ, ಇಳಿದನಿಯಲ್ಲಿ ಹೇಳಿದರೆ ಇನ್ನೊಂದು. ಹೀಗಾಗಿ ಆಯಾ ಊರಿನ ಮಾತಿನ ಏರಿಳಿತವೇ ಅಲ್ಲಿನ ಹಾಡಿನ ಧಾಟಿಯನ್ನು ರೂಪಿಸುತ್ತದೆ. ಆದ್ದರಿಂದ ಮೊದಲ ಕೆಲವು ದಿನ ದೃಶ್ಯವನ್ನು ನೋಡದೆ ಧ್ವನಿಯನ್ನಷ್ಟೇ ಕೇಳಬೇಕೆಂಬುದು ನನ್ನ ಸಲಹೆ.

ಮೊದಲು ಹಾಡುಗಾರರ ಬೆನ್ನುಹಿಡಿದು ಬರುವ ವಾದ್ಯ ಯಾವುದೆಂದು ಗಮನಿಸಿ. ಅದು ಬಿದಿರಿನ ಕೊಳಲಾಗಿದ್ದು, ಒಂದೊಂದು ಅಕ್ಷರವೂ ಹಲವಾರು ಸ್ವರಗಳ ಮೇಲೆ ನಿಧಾನವಾಗಿ ಹರಿಯುತ್ತಿದ್ದರೆ ನೀವು ಕೇಳುತ್ತಿರುವುದು ಬಹುಮಟ್ಟಿಗೆ ಕುನ್‌ಚ್ಯೂ. ಸುಝೌ ಬಳಿಯ ಕುನ್‌ಶಾನ್ ಇದರ ತವರು. 16ನೇ ಶತಮಾನದಲ್ಲಿ ವೇಯ್ ಲಿಯಾಂಗ್‌ಫು ಇದರ ಗಾಯನವನ್ನು ತಿದ್ದಿ ನಯಗೊಳಿಸಿದರು. ನೀರು ಬೆರೆಸಿ ಅರೆದಷ್ಟು ನುಣುಪು ಎಂಬ ಭಾವದ ಹೆಸರು ಆ ಧಾಟಿಗಿದೆ. ಚೀನೀ ಕೊಳಲಿನ ಒಂದು ರಂಧ್ರಕ್ಕೆ ತೆಳುವಾದ ಪೊರೆಯನ್ನು ಅಂಟಿಸಿರುತ್ತಾರೆ. ಊದಿದಾಗ ಅದು ಕಂಪಿಸಿ, ನಾದದ ಅಂಚಿನಲ್ಲಿ ಸಣ್ಣದೊಂದು ಝೇಂಕಾರ ಏಳುತ್ತದೆ. ಆ ಝೇಂಕಾರ ಒಮ್ಮೆ ಕಿವಿಗೆ ಕೂತರೆ ಮತ್ತೆ ಮರೆಯುವುದಿಲ್ಲ.

ಕೊಳಲಿನ ಬದಲು ತೀಕ್ಷ್ಣವಾದ, ಗಂಟಲನ್ನೇ ಹಿಂಬಾಲಿಸುವ ತಂತಿವಾದ್ಯ ಕೇಳಿದರೆ ಅದು ಬೀಜಿಂಗ್ ಒಪೆರಾದ ಜಿಂಗ್‌ಹು ಇರಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬಿದಿರಿನ ಕೊಳವೆ, ಅದರ ಒಂದು ಬಾಯಿಗೆ ಹಾವಿನ ಚರ್ಮ, ಎರಡು ತಂತಿ, ಆ ಎರಡರ ನಡುವೆ ಸಿಕ್ಕಿಸಿದ ಕಮಾನು: ಇಷ್ಟರಿಂದ ಇಡೀ ರಂಗಮಂದಿರ ತುಂಬುವ ದನಿ ಹೊರಡುತ್ತದೆ. 1790ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯ ಎಂಬತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ ಆನ್‌ಹುಯಿ ಪ್ರಾಂತ್ಯದ ಮೇಳಗಳು ರಾಜಧಾನಿಗೆ ಬಂದವು. ಮುಂದಿನ ದಶಕಗಳಲ್ಲಿ ಬೇರೆ ಬೇರೆ ಕಡೆಯ ಧಾಟಿಗಳು ಅಲ್ಲಿ ಬೆರೆತು ಈ ಪ್ರಕಾರ ರೂಪುಗೊಂಡಿತು. ಇದರ ಎರಡು ಮುಖ್ಯ ಧಾಟಿಗಳನ್ನು ಬೇರ್ಪಡಿಸಲು ತಾಳ ಹಾಕುತ್ತಾ ಕೇಳಿ. ಸಾಮಾನ್ಯವಾಗಿ ಅರ್‌ಹುವಾಂಗ್‌ನಲ್ಲಿ ಸಾಲು ಪೆಟ್ಟಿನ ಮೇಲೆಯೇ ಎತ್ತಿಕೊಳ್ಳುತ್ತದೆ. ಶಿಪಿಯಲ್ಲಿ ಪೆಟ್ಟು ಕಳೆದ ಮೇಲೆ ಶುರುವಾಗುತ್ತದೆ. ಮೊದಲನೆಯದು ದುಃಖಕ್ಕೂ ಆಳವಾದ ಚಿಂತನೆಗೂ ಒದಗಿದರೆ ಎರಡನೆಯದರಲ್ಲಿ ಲವಲವಿಕೆ ಹೆಚ್ಚು.

ಇನ್ನು ಕಟ್ಟಿಗೆಯ ಸದ್ದು. ವಾಯವ್ಯ ಚೀನದ, ಅದರಲ್ಲೂ ಶಿಆನ್ ಸುತ್ತಲಿನ ಶಾನ್‌ಶಿ ಪ್ರಾಂತ್ಯದ ಚಿನ್‌ಚಿಯಾಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ಹೊಸಬರು ಇದನ್ನು ಬರಿಯ ಕೂಗಾಟವೆಂದು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಎಲಚಿಯಂತಹ ಗಟ್ಟಿಮರದ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ತಾಳ ಹಿಡಿಯುತ್ತಾರೆ. ಬಾಂಗ್‌ಜಿ ಎಂಬ ಆ ವಾದ್ಯದ ಹೆಸರೇ ಇಡೀ ಒಂದು ಪ್ರಕಾರಗುಂಪಿನ ಹೆಸರೂ ಆಗಿದೆ. ಜೊತೆಗೆ ನುಡಿಯುವ ಬಾನ್‌ಹುವಿನ ಬುರುಡೆಯನ್ನು ಸಾಮಾನ್ಯವಾಗಿ ತೆಂಗಿನ ಚಿಪ್ಪಿನಿಂದ ಮಾಡಿ, ಚರ್ಮದ ಬದಲು ತೆಳು ಹಲಗೆಯನ್ನು ಮುಚ್ಚಿರುತ್ತಾರೆ. ಈ ಹಾಡುಗಾರಿಕೆಯಲ್ಲಿ ನಲಿವಿನ ಸ್ವರಪದ್ಧತಿ, ಅಳಲಿನ ಸ್ವರಪದ್ಧತಿ ಎಂದು ಎರಡಿವೆ. ಅಳಲಿನದರಲ್ಲಿ ಮಧ್ಯಮ ಸ್ವಲ್ಪ ಮೇಲಕ್ಕೂ ನಿಷಾದ ಸ್ವಲ್ಪ ಕೆಳಕ್ಕೂ ಸರಿದು, ಹಾರ್ಮೋನಿಯಮ್ಮಿನ ಯಾವ ಮನೆಗೂ ಸರಿಯಾಗಿ ಹೊಂದದ ಎರಡು ಸ್ವರಗಳು ಕೇಳುತ್ತವೆ. ಮಗನನ್ನು ಕಳೆದುಕೊಂಡ ಮುದುಕನ ಪಾತ್ರ ಆ ಸ್ವರಗಳ ಮೇಲೆ ನಿಂತು ಹಾಡಿದಾಗ ದನಿಯ ಎತ್ತರದ ಹಿಂದಿರುವ ನೋವು ತಾನಾಗಿ ತಿಳಿಯುತ್ತದೆ. ದಯವಿಟ್ಟು ಒಂದೇ ಸಲ ಕೇಳಿ ತೀರ್ಮಾನಕ್ಕೆ ಬರಬೇಡಿ.

ಹೆನಾನ್ ಪ್ರಾಂತ್ಯದ ನಾಟಕವೂ ಇದೇ ಗುಂಪಿನದು.

ತಂತಿಯೂ ಕೊಳಲೂ ಇಲ್ಲದೆ ಬರಿಯ ತಾಳವಾದ್ಯಗಳ ಮೇಲೆ ಒಬ್ಬರು ಹಾಡಿ, ಸಾಲಿನ ಕೊನೆಯನ್ನು ಮರೆಯಲ್ಲಿರುವ ಮೇಳ ಎತ್ತಿಕೊಂಡರೆ ಅದು ಸಿಚುವಾನ್ ನಾಟಕದ ಗಾವ್‌ಚಿಯಾಂಗ್ ಧಾಟಿ ಆಗಿರುವ ಸಂಭವ ಹೆಚ್ಚು. ಪಾತ್ರ ಬಾಯಿಬಿಟ್ಟು ಹೇಳಲಾರದ ಮಾತನ್ನು ಆ ಮೇಳವೇ ಹೇಳುವುದೂ ಉಂಟು. ಕ್ಷಣಮಾತ್ರದಲ್ಲಿ ಮುಖವಾಡ ಬದಲಿಸುವ ಚಮತ್ಕಾರದಿಂದ ಸಿಚುವಾನ್ ಹೊರಗೆ ಹೆಸರಾಗಿದ್ದರೂ ಅದರ ನಿಜವಾದ ಸಂಪತ್ತು ಈ ಮೇಳದ ಹಾಡು ಎಂಬುದು ನನ್ನ ಅಭಿಪ್ರಾಯ.

ಯುಯೆಜು ಎಂಬ ಹೆಸರು ಬಂದಾಗ ಎಚ್ಚರವಿರಲಿ. ಚೀನೀ ಲಿಪಿಯಲ್ಲಿ ಬೇರೆಯಾಗಿಯೇ ಬರೆಯುವ ಎರಡು ಹೆಸರುಗಳು ಕನ್ನಡ ಲಿಪಿಯಲ್ಲಿ ಒಂದೇ ಆಗುತ್ತವೆ. ಒಂದು ಗುವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್‌ಗಳ ಕ್ಯಾಂಟನೀಸ್ ನಾಟಕ. ಇನ್ನೊಂದು ಜೆಜಿಯಾಂಗ್‌ನ ಶೆಂಗ್‌ಝೌನಲ್ಲಿ 1906ರಲ್ಲಿ ರಂಗವೇರಿ, ಶಾಂಘೈನಲ್ಲಿ ಬೆಳೆದು, ಗಂಡುಪಾತ್ರಗಳನ್ನೂ ಮಹಿಳೆಯರೇ ಮಾಡುವುದರಿಂದ ಪ್ರಸಿದ್ಧವಾದ ಕೋಮಲ ಶೈಲಿ. ಇವನ್ನು ಬೇರ್ಪಡಿಸಲು ಪದಗಳ ಕೊನೆಗೆ ಕಿವಿಗೊಡಿ. ಕ್ಯಾಂಟನೀಸ್‌ನಲ್ಲಿ ಒಂದಕ್ಕೆ ಯಾತ್, ಆರಕ್ಕೆ ಲೂಕ್, ಹತ್ತಕ್ಕೆ ಸಾಪ್ ಎನ್ನುತ್ತಾರೆ. ಹೀಗೆ ತ್, ಕ್, ಪ್‌ಗಳಲ್ಲಿ ಥಟ್ಟನೆ ಮುಚ್ಚಿಕೊಳ್ಳುವ ಪದಗಳು ಮೇಲಿಂದ ಮೇಲೆ ಬಂದರೆ ಅದು ಗುವಾಂಗ್‌ಡಾಂಗ್ ಕಡೆಯದು. ಹಿನ್ನೆಲೆಯಲ್ಲಿ ಪಿಟೀಲು ಅಥವಾ ಸ್ಯಾಕ್ಸೋಫೋನ್ ಕೇಳಿಸಿದರೆ ಗಾಬರಿಯಾಗಬೇಡಿ. 20ನೇ ಶತಮಾನದ ಮೊದಲ ಭಾಗದಲ್ಲೇ ಅವು ಕ್ಯಾಂಟನೀಸ್ ಮೇಳವನ್ನು ಸೇರಿಕೊಂಡವು.

ಅಭ್ಯಾಸಕ್ಕೆ ಬಿಳಿ ಹಾವಿನ ಕಥೆಯನ್ನು ಆರಿಸಿಕೊಳ್ಳಿ. ಹಾಂಗ್‌ಝೌನ ಪಶ್ಚಿಮ ಸರೋವರದ ಮುರುಕು ಸೇತುವೆಯ ಬಳಿ, ತನ್ನನ್ನು ಬಿಟ್ಟುಹೋದ ಗಂಡನನ್ನು ಹಾವಿನ ರೂಪ ತೊರೆದು ಬಂದ ಹೆಂಡತಿ ಮತ್ತೆ ಕಾಣುವ ದೃಶ್ಯವನ್ನು ಹಲವು ಪ್ರಕಾರಗಳವರು ಆಡುತ್ತಾರೆ. ಇದೊಂದೇ ದೃಶ್ಯವನ್ನು ಮೊದಲು ಕುನ್‌ಚ್ಯೂವಿನಲ್ಲಿ, ಆಮೇಲೆ ಬೀಜಿಂಗ್ ಶೈಲಿಯಲ್ಲಿ, ಕೊನೆಗೆ ಚಿನ್‌ಚಿಯಾಂಗ್‌ನಲ್ಲಿ ಕೇಳಿ. ಪ್ರತಿಸಲವೂ ಮೊದಲು ಕೇಳಿದ ವಾದ್ಯ, ಸಾಲು ಎತ್ತಿಕೊಂಡ ಜಾಗ ಮತ್ತು ಪದದ ಕೊನೆ, ಈ ಮೂರನ್ನು ಬರೆದಿಟ್ಟುಕೊಳ್ಳಿ. ಬರೆದುಕೊಂಡ ನಂತರವಷ್ಟೇ ದೃಶ್ಯವನ್ನು ನೋಡಿ. ಆಗ ಆಕೆ ಗಂಡನ ಹಣೆಗೆ ಬೆರಳು ಚುಚ್ಚಿ ಗದರಿಸುವಾಗ, ಆತ ತತ್ತರಿಸಿ ಬೀಳುವನೆಂದು ಕೂಡಲೇ ಅವನನ್ನು ಹಿಡಿಯಲು ಕೈಚಾಚುವುದನ್ನು ಗಮನಿಸಿ.