ಒಡವೆ ಕೊಳ್ಳುವಾಗ ಹಾಕಬೇಕಾದ ಲೆಕ್ಕ

ಮದುವೆಯ ಖರ್ಚಿನ ಪಟ್ಟಿಯಲ್ಲಿ ಛತ್ರ, ಊಟ, ಜವಳಿ ಎಲ್ಲಕ್ಕಿಂತ ದೊಡ್ಡ ಮೊತ್ತ ಹೋಗುವುದು ಸಾಮಾನ್ಯವಾಗಿ ಚಿನ್ನಕ್ಕೆ. ಆದರೂ ಜವಳಿ ಅಂಗಡಿಯಲ್ಲಿ ಸೀರೆಯ ಅಂಚನ್ನು ತಿರುವಿ ತಿರುವಿ ನೋಡುವ ನಾವು, ಚಿನ್ನದಂಗಡಿಯಲ್ಲಿ ಆ ದಿನದ ದರವನ್ನೂ ಬಿಲ್ಲಿನ ಕೊನೆಯ ಸಾಲನ್ನೂ ಮಾತ್ರ ನೋಡಿ ಹಣ ಎಣಿಸಿಕೊಟ್ಟು ಬರುತ್ತೇವೆ. ಚಿನ್ನದ ದರವನ್ನು ಇಳಿಸುವುದು ಕೊಳ್ಳುವವರ ಕೈಯಲ್ಲಿಲ್ಲ. ದರಕ್ಕೂ ಕೊನೆಯ ಮೊತ್ತಕ್ಕೂ ನಡುವೆ ಸೇರಿಕೊಳ್ಳುವ ಬಾಬ್ತುಗಳು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇವೆ. ಉಳಿತಾಯ ಇರುವುದು ಅಲ್ಲಿ.

ಒಂದು ಒಡವೆಯ ಬೆಲೆಯಲ್ಲಿ ನಾಲ್ಕು ಪಾಲುಗಳಿರುತ್ತವೆ: ಚಿನ್ನದ ಬೆಲೆ, ಹರಳು ಮುತ್ತುಗಳ ಬೆಲೆ, ಮಜೂರಿ ಮತ್ತು ವೇಸ್ಟೇಜ್, ಕೊನೆಗೆ ಶೇ 3ರಷ್ಟು ಜಿಎಸ್‌ಟಿ. ಮುಂದೊಂದು ದಿನ ಅದೇ ಒಡವೆಯನ್ನು ಮಾರಲು ಹೋದರೆ ಇವುಗಳಲ್ಲಿ ಮರಳಿ ಬರುವುದು ಮೊದಲ ಪಾಲು ಮಾತ್ರ. ಕಷ್ಟಕಾಲಕ್ಕೆ ಆಗುತ್ತದೆ ಎಂಬ ನಂಬಿಕೆಯಿಂದ ಚಿನ್ನ ಕೊಳ್ಳುವ ಕುಟುಂಬಕ್ಕೆ ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಇಲ್ಲವೆಂದು ನನಗನ್ನಿಸುತ್ತದೆ.

ಲೆಕ್ಕಕ್ಕೆ ಅನುಕೂಲವಾಗಲೆಂದು 22 ಕ್ಯಾರೆಟ್ ಚಿನ್ನದ ದರ ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ. 20 ಗ್ರಾಂ ತೂಕದ ಸರಕ್ಕೆ ಚಿನ್ನದ ಬೆಲೆಯೇ 2,00,000 ರೂಪಾಯಿ. ಅಂಗಡಿಯವರು ಶೇ 12ರಷ್ಟು ವೇಸ್ಟೇಜ್ ಹಾಕಿದರೆ ಅದು 2,24,000 ಆಗುತ್ತದೆ, ತೆರಿಗೆ ಸೇರಿ 2,30,720. ಅಂಥದೇ ಸರಕ್ಕೆ ಇನ್ನೊಂದು ಅಂಗಡಿಯಲ್ಲಿ ಶೇ 6ರಷ್ಟು ವೇಸ್ಟೇಜ್ ಇದ್ದರೆ ತೆರಿಗೆ ಸೇರಿ 2,18,360. ಎರಡಕ್ಕೂ ನಡುವಿನ ಅಂತರ 12,360 ರೂಪಾಯಿ. ಎರಡರಲ್ಲೂ ಇರುವ ಚಿನ್ನ ಒಂದೇ, ಶುದ್ಧತೆಯೂ ಒಂದೇ.

ವೇಸ್ಟೇಜ್ ಎಂಬ ಮಾತಿಗೆ ಒಂದು ಹಿನ್ನೆಲೆಯಿದೆ. ಆಚಾರಿಗಳು ಮನೆಯಲ್ಲೇ ಕುಳಿತು ಕೈಯಿಂದ ಒಡವೆ ಮಾಡುತ್ತಿದ್ದಾಗ ಅರದಿಂದ ಉಜ್ಜುವಲ್ಲಿ, ಬೆಸುಗೆ ಹಾಕುವಲ್ಲಿ, ಮೆರುಗು ಕೊಡುವಲ್ಲಿ ಒಂದಷ್ಟು ಚಿನ್ನ ಪುಡಿಯಾಗಿ ಹೋಗುತ್ತಿತ್ತು. ಆ ನಷ್ಟವನ್ನು ಗಿರಾಕಿ ತುಂಬಿಕೊಡುವುದು ನ್ಯಾಯವೇ ಆಗಿತ್ತು. ಈಗ ಯಂತ್ರದಲ್ಲಿ ಹೆಣೆದ ಸರ, ಅಚ್ಚಿನಲ್ಲಿ ತೆಗೆದ ಬಳೆಗಳಲ್ಲಿ ಅಷ್ಟು ನಷ್ಟವಾಗುವುದಿಲ್ಲ, ಪುಡಿಯನ್ನೂ ಒಟ್ಟುಮಾಡಿ ಕರಗಿಸಿಕೊಳ್ಳುತ್ತಾರೆ. ಹೆಸರು ಹಳೆಯದೇ ಉಳಿದಿದ್ದರೂ ಇಂದು ಅದು ಕೆಲಸದ ಕೂಲಿ ಮತ್ತು ಅಂಗಡಿಯ ಲಾಭ ಸೇರಿದ ಮೊತ್ತ. ಆದ್ದರಿಂದಲೇ ಅದರಲ್ಲಿ ಚೌಕಾಸಿಗೆ ಜಾಗವಿದೆ. ದೇವರ ರೂಪಗಳನ್ನು ಕೆತ್ತಿದ ನಕಾಸಿ ಕೆಲಸದ ಹಾರಕ್ಕೆ ಹೆಚ್ಚು ಕೂಲಿ ಕೇಳಿದರೆ ಅದು ಕುಶಲಕರ್ಮಿಯ ದಿನಗಟ್ಟಲೆ ದುಡಿಮೆಗೆ ಸಲ್ಲುವ ಬೆಲೆ, ಕೊಡಬೇಕಾದದ್ದೇ. ಸಾದಾ ಸರಕ್ಕೂ ಸಾದಾ ಬಳೆಗೂ ಅದೇ ಪ್ರಮಾಣ ಕೇಳಿದಾಗ ಒಪ್ಪಬೇಕಾಗಿಲ್ಲ.

ಕೆಲವು ಅಂಗಡಿಗಳು ವೇಸ್ಟೇಜನ್ನು ಶೇಕಡಾ ಲೆಕ್ಕದಲ್ಲೂ ಮಜೂರಿಯನ್ನು ಗ್ರಾಂ ಲೆಕ್ಕದಲ್ಲೂ ಬೇರೆ ಬೇರೆಯಾಗಿ ಹೇಳುತ್ತವೆ. ಕೇಳಲು ಎರಡೂ ಸಣ್ಣದಾಗಿ ಕಾಣುತ್ತವೆ. ಮೇಲಿನ 20 ಗ್ರಾಂ ಸರಕ್ಕೆ ಶೇ 8ರಷ್ಟು ವೇಸ್ಟೇಜ್ ಎಂದರೆ 16,000 ರೂಪಾಯಿ, ಗ್ರಾಂಗೆ 500ರಂತೆ ಮಜೂರಿ ಎಂದರೆ 10,000 ರೂಪಾಯಿ. ಕೂಡಿಸಿದರೆ 26,000, ಅಂದರೆ ಚಿನ್ನದ ಬೆಲೆಯ ಶೇ 13. ‘ಮಜೂರಿಯಲ್ಲಿ ಅರ್ಧ ರಿಯಾಯಿತಿ’, ‘ವೇಸ್ಟೇಜ್ ಇಲ್ಲವೇ ಇಲ್ಲ’ ಎಂಬ ಹಬ್ಬದ ಜಾಹೀರಾತುಗಳನ್ನೂ ಇದೇ ರೀತಿ ಬಿಡಿಸಿ ನೋಡಬೇಕು. ಶೇ 24 ಇದ್ದದ್ದನ್ನು ಅರ್ಧಕ್ಕೆ ಇಳಿಸಿದರೆ ಬರುವುದು ಶೇ 12. ವೇಸ್ಟೇಜ್ ಬಿಟ್ಟು ಗ್ರಾಂಗೆ 1,100 ರೂಪಾಯಿ ಮಜೂರಿ ಹಾಕಿದರೆ ಅದು ಶೇ 11. ಯಾವ ಅಂಗಡಿ ಯಾವ ಹೆಸರಿನಲ್ಲಿ ಹೇಳಿದರೂ ಹೋಲಿಸಲು ದಾರಿ ಒಂದೇ: ತೆರಿಗೆಗೆ ಮುಂಚಿನ ಮೊತ್ತದಿಂದ ಹರಳುಗಳ ಬೆಲೆಯನ್ನು ಕಳೆಯಿರಿ, ಉಳಿದದ್ದನ್ನು ಚಿನ್ನದ ನಿವ್ವಳ ತೂಕದಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಆ ದಿನದ ದರದ ಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಗ್ರಾಂ ಚಿನ್ನಕ್ಕೆ ಹೆಚ್ಚುವರಿಯಾಗಿ ಎಷ್ಟು ಕೊಡುತ್ತಿದ್ದೀರಿ ಎಂಬುದು ಕಣ್ಣಿಗೆ ಕಾಣುತ್ತದೆ. ಹೋಲಿಸುವ ಅಂಗಡಿಗಳಿಗೆ ಒಂದೇ ದಿನ ಹೋಗಬೇಕು, ಏಕೆಂದರೆ ದರ ದಿನದಿನಕ್ಕೂ ಬದಲಾಗುತ್ತದೆ.

ನಿವ್ವಳ ತೂಕದ ಮಾತು ಬಂದಾಗ ನಮ್ಮ ಮನೆಯಲ್ಲೇ ನಡೆದ ಸಂಗತಿಯೊಂದನ್ನು ಹೇಳಬೇಕು. ನಾದಿನಿಯ ಮದುವೆಗೆ ಕೆಂಪು ಹರಳಿನ ನೆಕ್ಲೇಸ್ ಕೊಂಡಾಗ ಅದರ ಕೊಕ್ಕೆಗೆ ಹತ್ತಿಯ ದಾರದಲ್ಲಿ ಕಟ್ಟಿದ್ದ ಉಗುರಗಲದ ಚೀಟಿಯಲ್ಲಿ ಎರಡು ತೂಕಗಳಿದ್ದವು: ಒಟ್ಟು 34.260 ಗ್ರಾಂ, ನಿವ್ವಳ 29.840 ಗ್ರಾಂ. ಬಿಲ್ಲಿನಲ್ಲಿ ಮಾತ್ರ ಹರಳಿನ ತೂಕವೆಂದು 3.100 ಗ್ರಾಂ ಕಳೆದು, ಚಿನ್ನ 31.160 ಗ್ರಾಂ ಎಂದು ಬರೆದಿದ್ದರು. ಅಂದರೆ 1.320 ಗ್ರಾಂ ಹರಳಿಗೆ ಚಿನ್ನದ ದರ ಬಿದ್ದಿತ್ತು, ಅದರ ಮೇಲೆ ಶೇ 16ರಷ್ಟು ವೇಸ್ಟೇಜ್, ಅದರ ಮೇಲೆ ತೆರಿಗೆ. ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡ ದರದಲ್ಲೇ ಹೇಳುವುದಾದರೆ ಸುಮಾರು 15,770 ರೂಪಾಯಿ. ಚೀಟಿಯನ್ನೂ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಅಂಗಡಿಯವರು ಬಿಲ್ಲನ್ನು ತಿದ್ದಿಕೊಟ್ಟರು. ಆ ಚೀಟಿಯನ್ನು ಕತ್ತರಿಸಿ ಬುಟ್ಟಿಗೆ ಹಾಕುವ ಮುಂಚೆ ನನ್ನ ಅತ್ತೆಯವರು ಅದನ್ನು ಕೈಗೆ ತೆಗೆದುಕೊಂಡಿರದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಇದನ್ನು ಪರೀಕ್ಷಿಸಲು ಇನ್ನೊಂದು ಉಪಾಯವೂ ಇದೆ. ಹರಳುಗಳ ತೂಕವನ್ನು ಕ್ಯಾರೆಟ್ಟಿನಲ್ಲಿ ಹೇಳುತ್ತಾರೆ. ಈ ಕ್ಯಾರೆಟ್ ಚಿನ್ನದ ಶುದ್ಧತೆಯದ್ದಲ್ಲ, ತೂಕದ್ದು. 5 ಕ್ಯಾರೆಟ್ ಸೇರಿದರೆ 1 ಗ್ರಾಂ. ಬಿಲ್ಲಿನಲ್ಲಿ 20 ಕ್ಯಾರೆಟ್ ಹರಳಿಗೆ ಬೆಲೆ ಹಾಕಿದ್ದರೆ ಒಟ್ಟು ತೂಕದಿಂದ 4 ಗ್ರಾಂ ಕಳೆದಿರಲೇಬೇಕು. ಕರಿಮಣಿ ಸರದಲ್ಲಿ ಮಣಿಗಳ ತೂಕ, ಮುತ್ತು ಹವಳ ಪೋಣಿಸಿದ ಸರದಲ್ಲಿ ಅವುಗಳ ತೂಕ, ದಾರವಿದ್ದರೆ ದಾರದ ತೂಕ, ಪೊಳ್ಳು ಒಡವೆಯೊಳಗೆ ಅರಗು ತುಂಬಿದ್ದರೆ ಅದರ ತೂಕ, ಇವೆಲ್ಲ ಚಿನ್ನದ ಲೆಕ್ಕದಿಂದ ಹೊರಗಿರಬೇಕು. ತೂಗುವಾಗ ತಕ್ಕಡಿ ಮೊದಲು ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿ. ಎರಡನೆಯ ಬಾರಿ ತೂಗಿ ಎಂದು ಕೇಳಲು ಸಂಕೋಚ ಬೇಡ.

ಶುದ್ಧತೆಯ ವಿಷಯದಲ್ಲಿ ಈಗ ಗಿರಾಕಿಗೆ ಮೊದಲಿಗಿಂತ ಬಲವಿದೆ. ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್, ಅಂದರೆ ಪರೀಕ್ಷಿಸಿ ಹಾಕುವ ಶುದ್ಧತೆಯ ಮುದ್ರೆ, 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದ್ದು, 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಗಳ ಗುರುತು) ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಗಳು ಮಾರುವಂತಿಲ್ಲ. ಒಡವೆಯ ಮೇಲೆ ಮೂರು ಗುರುತುಗಳಿರಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, ಶುದ್ಧತೆ, ಎಚ್‌ಯುಐಡಿ. ಶುದ್ಧತೆಯ ಗುರುತಿನಲ್ಲಿ 916 ಎಂದಿದ್ದರೆ 22 ಕ್ಯಾರೆಟ್, 750 ಎಂದಿದ್ದರೆ 18 ಕ್ಯಾರೆಟ್, 585 ಎಂದಿದ್ದರೆ 14 ಕ್ಯಾರೆಟ್. ಅಕ್ಷರಗಳು ಬಹಳ ಸಣ್ಣವು, ಭೂತಗನ್ನಡಿ ಕೇಳಿ ಪಡೆಯಿರಿ. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆರೆದು ಆ ಆರು ಅಕ್ಷರಗಳನ್ನು ಹಾಕಿದರೆ ಒಡವೆಯ ಬಗೆ, ಶುದ್ಧತೆ, ಆಭರಣ ವ್ಯಾಪಾರಿಯ ನೋಂದಣಿ, ಹಾಲ್‌ಮಾರ್ಕ್ ಹಾಕಿದ ಕೇಂದ್ರ ಇವೆಲ್ಲ ತೋರುತ್ತವೆ. ಕೈಯಲ್ಲಿರುವುದು ಬಳೆಯಾಗಿದ್ದು ಆ್ಯಪ್‌ನಲ್ಲಿ ಉಂಗುರವೆಂದು ಬಂದರೆ ಆ ಒಡವೆಯನ್ನು ಅಲ್ಲಿಯೇ ಬಿಟ್ಟು ಬರಬೇಕು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗಳಿಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ ಎಂಬುದು ನೆನಪಿರಲಿ. ಮಗುವಿನ ಸಣ್ಣ ಓಲೆ, ಮೂಗುಬೊಟ್ಟು ಕೊಳ್ಳುವಾಗ ಪಕ್ಕಾ ಬಿಲ್ಲೇ ಆಧಾರ. ಹಾಲ್‌ಮಾರ್ಕ್ ಶುಲ್ಕವು ಒಡವೆಯೊಂದಕ್ಕೆ ಕೆಲವು ಹತ್ತು ರೂಪಾಯಿಗಳಷ್ಟೇ ಆಗಿದ್ದು, ಅದನ್ನು ತೂಕದ ಮೇಲೆ ಲೆಕ್ಕ ಹಾಕುವುದಿಲ್ಲ.

‘ಕೆಡಿಎಂ ಚಿನ್ನ’ ಎಂಬ ಮಾತು ನಮ್ಮಲ್ಲಿ ಇನ್ನೂ ಗುಣಮಟ್ಟದ ಭರವಸೆಯಂತೆ ಬಳಕೆಯಲ್ಲಿದೆ. ಅದು ಬೆಸುಗೆಗೆ ಕ್ಯಾಡ್ಮಿಯಂ ಬಳಸುತ್ತಿದ್ದ ಕಾಲದ ಹೆಸರು. ಆ ಹೊಗೆ ಕೆಲಸಗಾರರ ಆರೋಗ್ಯಕ್ಕೆ ಅಪಾಯಕಾರಿ, ಶುದ್ಧತೆಯ ಪ್ರಮಾಣವಂತೂ ಅದು ಅಲ್ಲವೇ ಅಲ್ಲ. ಹಾಗೆಯೇ 18 ಕ್ಯಾರೆಟ್ ಒಡವೆಗೆ 22 ಕ್ಯಾರೆಟ್ ದರ ಹಾಕಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ವಜ್ರದ ಒಡವೆಗಳು ಹೆಚ್ಚಾಗಿ 18 ಕ್ಯಾರೆಟ್ಟಿನವೇ ಆಗಿರುವುದರಿಂದ ಅಲ್ಲಿ ಈ ತಪ್ಪು ಸುಲಭವಾಗಿ ನುಸುಳುತ್ತದೆ.

ಹಳೆಯ ಒಡವೆ ಕೊಟ್ಟು ಹೊಸದು ಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಎರಡು ವ್ಯಾಪಾರಗಳು ಒಂದೇ ಮೇಜಿನ ಮೇಲೆ ನಡೆಯುವುದರಿಂದ ಒಂದರ ರಿಯಾಯಿತಿ ಇನ್ನೊಂದರ ಕಡಿತದಲ್ಲಿ ಕರಗಿಹೋಗುತ್ತದೆ. ಹೊಸದನ್ನು ಆರಿಸುವ ಮೊದಲೇ ಹಳೆಯದರ ಬೆಲೆಯನ್ನು ಬರೆಸಿಕೊಳ್ಳಿ. ಅಜ್ಜಿಯ ಕಾಲದ ಸರ ಹತ್ತು ಗ್ರಾಂ ಇದ್ದು, ಯಂತ್ರದಲ್ಲಿ ಶುದ್ಧತೆ ಶೇ 88 ಎಂದು ಬಂದರೆ, ಅದರಲ್ಲಿರುವುದು 22 ಕ್ಯಾರೆಟ್ ಚಿನ್ನದ ಸುಮಾರು 9.6 ಗ್ರಾಂಗೆ ಸಮ, ಅಂದರೆ ನಮ್ಮ ಲೆಕ್ಕದಲ್ಲಿ 96,000 ರೂಪಾಯಿ. ಶುದ್ಧತೆ ನೋಡದೆ ‘ಹಳೆಯದಕ್ಕೆ ಶೇ 10 ಕಡಿತ’ ಎಂದು ಸಾರಾಸಗಟಾಗಿ ಹೇಳಿ ಹತ್ತು ಗ್ರಾಂನಲ್ಲಿ ಒಂದು ಗ್ರಾಂ ಕಳೆದರೆ ಕೈಗೆ ಬರುವುದು 90,000. ಯಂತ್ರವು ಮೇಲ್ಮೈಯನ್ನು ಮಾತ್ರ ಓದುತ್ತದೆ, ಆದ್ದರಿಂದ ಬೆಸುಗೆ ಹೆಚ್ಚಿರುವ ಒಡವೆಯನ್ನು ಕರಗಿಸಿ ನೋಡಬೇಕೆಂದು ಅಂಗಡಿಯವರು ಹೇಳುವುದು ಸಹಜ. ಕರಗಿಸುವುದು ನಿಮ್ಮ ಕಣ್ಣೆದುರಿಗೇ ನಡೆಯಲಿ, ಕರಗಿಸುವ ಮುಂಚಿನ ಮತ್ತು ನಂತರದ ತೂಕಗಳೆರಡನ್ನೂ ಬರೆದುಕೊಡಲಿ. ಒಮ್ಮೆ ಕರಗಿಸಿದರೆ ಒಡವೆ ಮರಳಿ ಬಾರದು, ಆದ್ದರಿಂದ ಬೆಲೆ ಒಪ್ಪಿಗೆಯಾಗದಿದ್ದರೆ ಕರಗಿದ ಚಿನ್ನವನ್ನು ಮನೆಗೆ ತರಬಹುದೇ ಎಂದು ಮೊದಲೇ ಕೇಳಿಕೊಳ್ಳಬೇಕು. ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕ್ ಕೇಂದ್ರದಲ್ಲಿ ಶುಲ್ಕ ಕೊಟ್ಟು ನೀವೇ ಮುಂಚಿತವಾಗಿ ಪರೀಕ್ಷೆ ಮಾಡಿಸಿಕೊಂಡು ಹೋದರಂತೂ ಮಾತು ಬೇಗ ಮುಗಿಯುತ್ತದೆ. ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ಮನೆಯವರು ಮಾರಲು ಯಾವ ಅಡ್ಡಿಯೂ ಇಲ್ಲ. ಆ ನಿಯಮ ಇರುವುದು ವ್ಯಾಪಾರಿಗಳಿಗೆ.

ತಿಂಗಳು ತಿಂಗಳು ಹಣ ಕಟ್ಟುವ ಚಿನ್ನದ ಸ್ಕೀಮುಗಳು ಹೆಚ್ಚಾಗಿ 11 ತಿಂಗಳಿಗೇ ನಿಲ್ಲುವುದಕ್ಕೆ ಕಾರಣವಿದೆ. ಸರಕಿಗೆಂದು ಪಡೆದ ಮುಂಗಡವನ್ನು ಕಂಪನಿಯು 365 ದಿನಗಳೊಳಗೆ ಸರಕು ಕೊಟ್ಟು ತೀರಿಸದಿದ್ದರೆ ಅದು ಠೇವಣಿ ಎನಿಸಿಕೊಳ್ಳುತ್ತದೆ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷ ರೂಪಾಯಿಗಳ ವಿಮೆಯ ರಕ್ಷಣೆ ಈ ಹಣಕ್ಕಿಲ್ಲ, ಅಂಗಡಿ ಮುಚ್ಚಿದರೆ ಹಣ ಕಟ್ಟಿದವರು ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ಸೇರಲೇಬೇಕೆಂದಿದ್ದರೆ ಕಟ್ಟಿದ ಹಣ ಆಯಾ ತಿಂಗಳ ದರದಲ್ಲಿ ಗ್ರಾಂ ಆಗಿ ಜಮೆಯಾಗುತ್ತದೆಯೇ ಅಥವಾ ರೂಪಾಯಿಯಾಗಿಯೇ ಉಳಿಯುತ್ತದೆಯೇ, ಮಾಫಿಯಾಗುವ ವೇಸ್ಟೇಜಿಗೆ ಮಿತಿ ಎಷ್ಟು, ಹರಳಿನ ಒಡವೆಗೂ ಅದು ಅನ್ವಯಿಸುತ್ತದೆಯೇ, ನಡುವೆ ಬಿಟ್ಟರೆ ಹಣ ವಾಪಸಾಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ನನ್ನ ಸಲಹೆಯಂತೂ ಅದೇ ಹಣವನ್ನು ಬ್ಯಾಂಕಿನಲ್ಲಿ ಆವರ್ತ ಠೇವಣಿ ಕಟ್ಟಿ, ಕೈಗೆ ಬಂದ ಮೇಲೆ ಇಷ್ಟವಾದ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಳ್ಳುವುದು. ಧರಿಸುವ ಆಸೆಯಿಲ್ಲದೆ ಕೂಡಿಡಲೆಂದೇ ಕೊಳ್ಳುವವರು ಒಡವೆಯನ್ನು ಬಿಟ್ಟು ನಾಣ್ಯವನ್ನೋ ಗೋಲ್ಡ್ ಇಟಿಎಫ್ ಅನ್ನೋ (ಚಿನ್ನದ ದರವನ್ನು ಅನುಸರಿಸುವ, ಷೇರಿನಂತೆ ಕೊಂಡು ಮಾರುವ ನಿಧಿ) ನೋಡಬಹುದು. ಬ್ಯಾಂಕುಗಳು ತಾವು ಮಾರಿದ ನಾಣ್ಯವನ್ನು ಮರಳಿ ಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು.

ಕೊನೆಗೆ ಬಿಲ್ಲು. ‘ಎಸ್ಟಿಮೇಟ್ ಚೀಟಿ ಸಾಕು, ತೆರಿಗೆ ಉಳಿಯುತ್ತದೆ’ ಎಂದು ಹೇಳುವವರಿದ್ದಾರೆ. ಆ ಶೇ 3ನ್ನು ಉಳಿಸಿದವರ ಕೈಯಲ್ಲಿ, ಮುಂದೆ ದೋಷ ಕಂಡಾಗ, ಆ ಒಡವೆಯನ್ನು ಅಲ್ಲಿಯೇ ಕೊಂಡಿದ್ದೆಂದು ತೋರಿಸಲು ಏನೂ ಇರುವುದಿಲ್ಲ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಒಡವೆಯ ವಿವರ, ಚಿನ್ನದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಪ್ರತ್ಯೇಕವಾಗಿ ಇರಬೇಕು. ಮುದ್ರಿತ ಶುದ್ಧತೆಗಿಂತ ಒಡವೆಯಲ್ಲಿ ಕಡಿಮೆ ಇದೆಯೆಂದು ಪರೀಕ್ಷೆಯಲ್ಲಿ ತಿಳಿದರೆ, ಮಾರಿದ ತೂಕಕ್ಕೆ ಬಿದ್ದ ಕೊರತೆಯ ಬೆಲೆಯ ಎರಡರಷ್ಟನ್ನೂ ಪರೀಕ್ಷೆಯ ಖರ್ಚನ್ನೂ ಪರಿಹಾರವಾಗಿ ಪಡೆಯಲು 2018ರ ಬಿಐಎಸ್ ನಿಯಮಗಳಲ್ಲಿ ಅವಕಾಶವಿದೆ. ದೂರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲೇ ದಾಖಲಿಸಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳವರೆಗೆ ಇದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಆದರೆ ಎರಡು ವರ್ಷಗಳೊಳಗೆ ಹೋಗಬೇಕು. ಬಿಲ್ಲಿನ ಶಾಯಿ ಕೆಲವು ವರ್ಷಗಳಲ್ಲಿ ಮಾಸಿಹೋಗುವುದರಿಂದ, ಕೊಂಡ ದಿನವೇ ಬಿಲ್ಲು, ತೂಕದ ಚೀಟಿ ಮತ್ತು ಎಚ್‌ಯುಐಡಿಯ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ, ಒಂದು ಜೆರಾಕ್ಸ್ ಪ್ರತಿಯನ್ನು ಒಡವೆಯ ಪೆಟ್ಟಿಗೆಯಲ್ಲೇ ಮಡಚಿಡಿ.